ನನ್ನ ಪಾಲಿನ ಏಳು ಚುಕ್ಕಿ

ಗಾಬರಿ ನನಗೆ ಹುಟ್ಟಿನಿಂದ ಬಂದ ಆಸ್ತಿ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿ, ಬಸ್ ಸ್ಟ್ಯಾಂಡಿನಿಂದ ವಾಪಸು ಬಂದು ನಾಲ್ಕನೆಯ ಸಲ ಜಗ್ಗುವ ಜಾಯಮಾನ ನನ್ನದು. ಇಂಥವನು ವೇದಿಕೆ ಹತ್ತಿ ಹಾಡಿದೆನೆಂದರೆ, ಚಿಕ್ಕಜಾಜೂರು ರೈಲ್ವೆ ಸ್ಟೇಷನ್ನಿನಲ್ಲಿ ನನ್ನ ಜೊತೆ ಟಿಕೆಟ್ ಕೊಡುವವರು ಇವತ್ತಿಗೂ ನಂಬುವುದಿಲ್ಲ. ಐದನೇ ಕ್ಲಾಸಿನಲ್ಲಿ ಪ್ರಾರ್ಥನೆ ಹಾಡುವಾಗ ಗಂಟಲು ಒಡೆದು ಇಡೀ ಸ್ಕೂಲು ನಕ್ಕಿತ್ತು. ಆಮೇಲೆ ನಾನು ಬಚ್ಚಲುಮನೆಯಲ್ಲೂ ಹಾಡಿದವನಲ್ಲ.

ತಪ್ಪೆಲ್ಲ ಹೊಳಲ್ಕೆರೆಯ ಸಂಗೀತದ ಟೀಚರ್ ನಿರ್ಮಲಾ ಮೇಡಂ ಅವರದು. ಅವರ ಸಂಗೀತದಲ್ಲಿ ಸರಿಗಮ ಇಲ್ಲ. ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ಕೊಡುತ್ತಾರೆ. ಗೆರೆ ಏರಿದರೆ ದನಿ ಏರಬೇಕು, ಇಳಿದರೆ ಇಳಿಯಬೇಕು, ಸುರುಳಿ ಬಂದರೆ ನಾಲಗೆ ಉರುಳಿಸಬೇಕು. ನಡುನಡುವೆ ಮೊರ ಹಿಡಿದು ಕುಣಿಯುವುದು, ಕೊಡೆಯೊಳಗೆ ತಲೆ ಹಾಕಿ ಗುಣುಗುವುದು ಬೇರೆ. ಒಂದು ದಿನ ಟಿಕೆಟ್ಟಿಗೆ ಬಂದ ಮೇಡಂ ಕಿಟಕಿಯಲ್ಲಿ ನನ್ನ ಮುಖ ನೋಡಿ, “ನಿಮ್ಮ ಮಖದಾಗೆ ಗಾಬರಿ ಎಷ್ಟ್ ಚೆನ್ನಾಗೈತ್ರಿ! ನಮ್ಮ ತಂಡಕ್ಕೆ ಬರ್ರಿ” ಅಂದರು. ಹಾಡಲು ಬರುವುದಿಲ್ಲವೆಂದೆ. “ಹಾಡಬ್ಯಾಡ್ರಿ. ನಿಮ್ಮ ಹಾಳೆಯಾಗೆ ಏಳು ಚುಕ್ಕಿ ಅಷ್ಟೆ. ಚುಕ್ಕಿ ಬಂದಾಗೆಲ್ಲ ಬಾಯಿ ತೆಗೆದು, ದನಿ ಬರದಂಗೆ ನಿಂತ್ಕಳ್ರಿ.” ಇಷ್ಟು ಸುಲಭದ ಕಲೆ ಇರುವಾಗ ಬೇಡವೆನ್ನಲು ನಾನು ಯಾರು?

ನನ್ನ ಹೆಂಡತಿ ರತ್ನ ತಾಳ್ಯದವಳು. ಚುಕ್ಕಿ ರಂಗೋಲಿಯಲ್ಲಿ ಅವಳನ್ನು ಮೀರಿಸುವವರು ನಮ್ಮ ಬೀದಿಯಲ್ಲಿಲ್ಲ. ನಾನು ಹಾಳೆ ಹರಡಿಕೊಂಡು ಬಾಯಿ ತೆರೆದು ಅಭ್ಯಾಸ ಮಾಡುತ್ತಿದ್ದರೆ, “ಹಲ್ಲು ನೋಯ್ತಾವೇನ್ರಿ?” ಅಂತ ಕೇಳುತ್ತಿದ್ದಳು.

ಕಾರ್ಯಕ್ರಮದ ದಿನ ಹಾಳೆ ಮರೆತುಬಿಟ್ಟರೆ ಎಂಬ ಭಯಕ್ಕೆ ಬೆಳಿಗ್ಗೆಯೇ ಅದನ್ನು ಸುತ್ತಿ ದಾರ ಕಟ್ಟಿದೆ. ದಾರವನ್ನು ಹತ್ತು ಸಲ ಮುಟ್ಟಿ ನೋಡಿದೆನೇ ಹೊರತು ಬಿಚ್ಚಿ ನೋಡಲಿಲ್ಲ. ಹೊಳಲ್ಕೆರೆಯ ಸಭಾಂಗಣದಲ್ಲಿ ಎಲ್ಲರ ಹಾಳೆಗಳೂ ಒಂದು ಗಂಟೆ ಮೇಡಂ ಮೇಜಿನ ಮೇಲಿದ್ದವು. ಪರದೆ ಎದ್ದಿತು. ಮುಂದಿನ ಸಾಲಿನಲ್ಲಿ ರತ್ನ, ಅತ್ತೆ, ಮಾವ, ನಮ್ಮ ಸ್ಟೇಷನ್ ಮಾಸ್ಟರು. ಹಾಳೆ ಬಿಚ್ಚಿದೆ. ಏಳೂ ಚುಕ್ಕಿಗಳನ್ನು ಸುತ್ತಿ ಏರಿಳಿಯುವ ಒಂದೇ ಎಳೆ, ತುದಿಯಲ್ಲಿ ಎಂಟೆಸಳಿನ ಒಂದು ಕಮಲ! ಕೊನೆ ಗಳಿಗೆಯಲ್ಲಿ ತಿದ್ದುವುದು ಮೇಡಂ ಅಭ್ಯಾಸ, ಇದೂ ಅವರದೇ ಕೆಲಸವೆಂದುಕೊಂಡೆ. ಆದರೆ ಕಮಲವನ್ನು ಹೇಗಪ್ಪಾ ಹಾಡುವುದು?

ಉಸಿರು ತುಂಬಿಕೊಂಡು ಎಳೆ ಹಿಡಿದೆ. ಮೂರನೆಯ ಚುಕ್ಕಿಗೆ ಗಂಟಲು ಒಡೆಯಿತು, ಐದನೆಯದಕ್ಕೆ ಕೀಚಲಾಯಿತು. ಮೌನವಿರಬೇಕಾದ ಕಡೆ ನನ್ನ ಕೂಗು ಕೇಳಿ, ಉಳಿದ ಏಳು ಜನ ಹೆದರಿ ಬಾಯಿ ಮುಚ್ಚಿಬಿಟ್ಟರು. ಅಷ್ಟು ದೊಡ್ಡ ಸಭಾಂಗಣದಲ್ಲಿ ನನ್ನದೊಂದೇ ದನಿ. ಕಮಲಕ್ಕೆ ಬಂದಾಗ ಉಸಿರು ಮುಗಿದಿತ್ತು. ಎಸಳಿಗೊಂದರಂತೆ ಎಂಟು ಸಲ ಬಿಕ್ಕಿ ನಿಲ್ಲಿಸಿದೆ. ಯಾರೂ ನಗಲಿಲ್ಲ. ಆಮೇಲೆ ಚಪ್ಪಾಳೆ ಬಿತ್ತು. ಸುಳ್ಳೇಕೆ ಹೇಳಲಿ, ನನಗೆ ಅಳು ಬಂತು.

ಮೇಡಂ ಓಡಿ ಬಂದು ಹಾಳೆ ಕಿತ್ತುಕೊಂಡರು. “ಇದನ್ನ ಬರೆದೋರು ಯಾರ್ರಿ?”

ಕೆಳಗಿನಿಂದ ರತ್ನ ಎದ್ದಳು. “ನಾನೇ ಕಣ್ರಿ ಮೇಡಂ. ಚುಕ್ಕಿ ಇಟ್ಟು ಎಳೆ ಸೇರಿಸ್ದೆ ಬಿಟ್ರೆ ಮನೆಗೆ ಒಳ್ಳೇದಲ್ಲ. ಇವ್ರಿಗೆ ಅಷ್ಟೂ ಗೊತ್ತಾಗಲ್ಲ ನೋಡ್ರಿ.”

ಈಗ ತಂಡದವರ ಹಾಳೆಗಳನ್ನೆಲ್ಲ ಬರೆಯುವವಳು ರತ್ನ. ಮುಂದಿನ ತಿಂಗಳು ಹಿರಿಯೂರಿನಲ್ಲಿ ಕಾರ್ಯಕ್ರಮ. ನನ್ನ ಪಾಡು ನೋಡಿ ಮರುಗಿದ ಮೇಡಂ, ನನಗೊಬ್ಬನಿಗೆ ಮಾತ್ರ ತಾವೇ ಒಂದು ಹಾಳೆ ಕೊಟ್ಟಿದ್ದಾರೆ. ಅದರಲ್ಲಿ ಗೆರೆಯಿಲ್ಲ, ಚುಕ್ಕಿಯಿಲ್ಲ, ಪೂರ್ತಿ ಖಾಲಿ. ಸುಮ್ಮನೆ ನಿಂತರೆ ಸಾಕಂತೆ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿದ್ದೇನೆ. ಬೀಗದ ಕೈ ಮಾತ್ರ ರತ್ನಳ ಸೊಂಟದಲ್ಲಿದೆ.