ಎಂಟು ಸಾಲಿನ ಅಗಲ

ಯೊನಾಗೊ ಪಟ್ಟಣದ ಟೈರ್ ಅಂಗಡಿಯೊಂದರ ಮಹಡಿಯಲ್ಲಿ ಕೂತು ವೆಬ್‌ಸೈಟ್ ಕಟ್ಟುತ್ತಿದ್ದ ಸೊನೋದಾನಿಗೆ ಆ ದಿನ ಗ್ರಹಚಾರ ವಕ್ಕರಿಸಿದ್ದು ಮಾಲೀಕ ಕಮೇಯಿ ಕೊಂಡು ತಂದ ಹೊಸ ಮಾನಿಟರಿನಿಂದ. ಎರಡು ಸಾವಿರದ ನಾಲ್ಕರಲ್ಲಿ ಅಷ್ಟಗಲದ ಪರದೆಯನ್ನು ಆ ಬೀದಿಯಲ್ಲಿ ಯಾರೂ ನೋಡಿರಲಿಲ್ಲ.

ಸಂಜೆಯೊಳಗೆ ಒಪ್ಪಿಸಬೇಕಾಗಿದ್ದ ಬಿಸಿನೀರ ಬುಗ್ಗೆಯ ವಸತಿಗೃಹದ ಪುಟವನ್ನು ಕಮೇಯಿ ಅದರಲ್ಲಿ ತೆರೆದ. ನಡುವೆ ಒಂದು ಕಿರಿದಾದ ಪಟ್ಟಿ, ಎರಡು ಕಡೆಗೂ ಬರೀ ಬಿಳಿ.

"ಇದೇನಪ್ಪಾ ಸೊನೋದಾ, ಮಂಚದಷ್ಟಗಲ ತಟ್ಟೇಲಿ ಒಂದೇ ಒಂದು ಹೋಳು ಮೂಲಂಗಿ ಇಟ್ಟಂಗಿದೆ."

ಪಕ್ಕದ ಮೇಜಿನ ನಿಶಿಯೊ ಇದಕ್ಕೇ ಕಾದಿದ್ದ. "ಅಗಲ ಕಟ್ಟಿಹಾಕಿದ್ರೆ ಹಂಗೇ ಸಾರ್. ಹರಿಯೋ ಪುಟ ಮಾಡಿದ್ರೆ ಬ್ರೌಸರ್ ಕಿಟಕಿ ಎಷ್ಟಗಲವೋ ಅಷ್ಟಗಲ ತಾನೇ ಹರಡ್ಕೊಳ್ಳತ್ತೆ."

ಉದ್ದ ಸಾಲು ಓದಿದರೆ ವಯಸ್ಸಾದ ಗಿರಾಕಿಗಳ ಕಣ್ಣು ಸೋಲುತ್ತದೆ ಎಂದು ಸೊನೋದಾ ವಾದಿಸಿದ. ಮಾತು ನಿಜವೇ. ಆದರೆ ಕಾರಣ ಅದಾಗಿರಲಿಲ್ಲ.

ವಸತಿಗೃಹದ ಒಡತಿ ಮಿಹೊ. ಹಿಂದೆ ಒಸಾಕಾದ ಅಚ್ಚುಕೂಟದಲ್ಲಿ ಅವಳೂ ಸೊನೋದಾನೂ ಒಂದೇ ಮೇಜಿನಲ್ಲಿ ಕರಡು ತಿದ್ದುತ್ತಿದ್ದರು, ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು. ತಾಯಿ ಹಾಸಿಗೆ ಹಿಡಿದಾಗ ಅವಳು ಊರಿಗೆ ಹೊರಟಳು. "ನೀನೂ ಬರ್ತೀಯಲ್ಲ?" ಎಂದು ರೈಲಿನ ಕಿಟಕಿಯಿಂದ ಕೇಳಿದಳು. ನೋಡೋಣ ಎಂದ. ನೋಡುತ್ತಾ ನೋಡುತ್ತಾ ಒಂಬತ್ತು ವರ್ಷ ಕಳೆದವು. ಹೋದ ತಿಂಗಳು ಅವಳ ಹೆಸರಿನಲ್ಲಿ ವೆಬ್‌ಸೈಟ್ ಬೇಕೆಂಬ ಫ್ಯಾಕ್ಸ್ ಬಂದಾಗ, ಆ ಕಾಗದವನ್ನು ಅವನು ಎಷ್ಟು ಸಲ ಓದಿದನೋ.

ಸ್ವಾಗತದ ಎಂಟು ಸಾಲನ್ನು ಅವನೇ ಬರೆದಿದ್ದ. ಪ್ರತಿ ಸಾಲಿನ ಮೊದಲ ಅಕ್ಷರವನ್ನು ಮೇಲಿಂದ ಕೆಳಕ್ಕೆ ಕೂಡಿಸಿದರೆ, ಜಪಾನಿಯ ಎಂಟಕ್ಷರದಲ್ಲಿ, 'ಇನ್ನೂ ಕಾಯುತ್ತಿದ್ದೇನೆ' ಎಂದಾಗುತ್ತಿತ್ತು. ಕರಡು ತಿದ್ದಿದ ಕಣ್ಣು ಅವಳದು, ಹಿಡಿದೇ ಹಿಡಿಯುತ್ತಾಳೆ. ಪುಟದ ಅಗಲ ಒಂದು ಕೂದಲೆಳೆ ಅಲುಗಿದರೂ ಸಾಲು ಬೇರೆ ಕಡೆ ಮುರಿದು ಎಲ್ಲ ಮಣ್ಣುಪಾಲು.

ಮಧ್ಯಾಹ್ನ ಅವನು ಸೋಬಾ ಶಾವಿಗೆ ತಿಂದು ಬರುವಷ್ಟರಲ್ಲಿ ನಿಶಿಯೊ ಪುಟವನ್ನು ಹರಿಯಲು ಬಿಟ್ಟಿದ್ದ. ಕಮೇಯಿಯ ಪರದೆಯಲ್ಲಿ ಎಂಟು ಸಾಲು ಮೂರಾಗಿ, ಒಣಗಲು ಹಾಕಿದ ಬಟ್ಟೆಯಂತೆ ಈ ಕೊನೆಯಿಂದ ಆ ಕೊನೆಗೆ ಚಾಚಿದ್ದವು.

ಅಷ್ಟರಲ್ಲಿ ಟೈಪಿಸ್ಟ್ ಉಓಜುಮಿ ತನ್ನ ಹಳೆಯ ಪುಟ್ಟ ಪರದೆ ನೋಡಿ ಕಿಸಕ್ಕೆಂದಳು. ಅಲ್ಲಿ ಸಾಲುಗಳು ಇನ್ನೆಲ್ಲೋ ಮುರಿದು, ಮೇಲಿನೆರಡು ಸಾಲಿನ ಮೊದಲಕ್ಷರಗಳು ಸೇರಿ 'ಬೋಳ' ಎಂದಾಗಿತ್ತು. ಏನು ನಗು ಎಂದು ಬಗ್ಗಿ ನೋಡಿದ ಕಮೇಯಿಯ ನುಣ್ಣನೆಯ ತಲೆ ಕಿವಿಯವರೆಗೂ ಕೆಂಪಾಯಿತು.

"ಯಾರ್ಯಾರ ಕಿಟಕೀಲಿ ಏನೇನು ಬರತ್ತೋ ಯಾರಿಗೆ ಗೊತ್ತು," ಎಂದು ಕಮೇಯಿ ನಿಶಿಯೊನ ಕಡೆ ತಿರುಗಿದ. "ಕಟ್ಟಿಹಾಕು ಅದನ್ನ. ಬೆಳಿಗ್ಗೆ ಇದ್ದಂಗೇ ಇರಲಿ."

ಸೊನೋದಾ ಅಗಲವನ್ನು ಮೊದಲಿನಂತೆ ಬಿಗಿದು, ನಾಲ್ಕು ಗಂಟೆಗೆ ಪುಟದ ವಿಳಾಸವನ್ನು ಮಿಹೊಗೆ ಕಳಿಸಿದ. ನಾಲ್ಕೂವರೆಗೆ ಫೋನು ಬಂತು. ಒಂಬತ್ತು ವರ್ಷವಾದರೂ ಆ ದನಿಯಲ್ಲಿ ಅದೇ ಸಣ್ಣ ನೆಗಡಿ.

"ಸೊನೋದಾ, ಮೇಲಿಂದ ಕೆಳಕ್ಕೆ ಓದಿದೆ," ಎಂದಳು. ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ಬೈಪಾಸ್ ರಸ್ತೆ ಆದ್ಮೇಲೆ ನಮ್ಮ ಹಳೇ ಗಿರಾಕಿಗಳೆಲ್ಲ ಬರೋದೇ ಬಿಟ್ರು. ಅವರಿಗೆ ಹೇಳೋಕೆ ಇದಕ್ಕಿಂತ ಒಳ್ಳೇ ಮಾತಿದೆಯಾ? ಮೊದಲು ಕಂಡುಹಿಡಿದಿದ್ದು ನಮ್ಮೆಜಮಾನ್ರೇ. ಟವೆಲ್ ಮೇಲೂ ಅಚ್ಚು ಹಾಕಿಸ್ತಾರಂತೆ."

ಒಳ್ಳೆಯದಾಯಿತು ಎಂದ ಸೊನೋದಾ.

"ಪುಟದ ನೆತ್ತೀಲೂ ದೊಡ್ಡ ಅಕ್ಷರದಲ್ಲಿ ಹಾಕಿಬಿಡು. ಆಮೇಲೆ ಆ ಎಂಟು ಸಾಲನ್ನ ಅಷ್ಟು ಇಕ್ಕಟ್ಟಲ್ಲಿ ಇಡೋದು ಬೇಡ, ಅಲ್ವಾ? ಪರದೆ ತುಂಬ ಹರಡ್ಕೊಳ್ಳೋ ಥರ ಮಾಡೋಕೆ ಬರತ್ತಂತಲ್ಲ."

ಬರುತ್ತದೆ ಎಂದ. ಅವಳು ಫೋನಿಡುವವರೆಗೆ ಕಾದು, ನಿಶಿಯೊನನ್ನು ಕರೆಯದೆ, ತಾನೇ ಅಗಲದ ಕಟ್ಟನ್ನು ಬಿಚ್ಚಿದ. ಮೌಸಿನಿಂದ ಕಿಟಕಿಯ ಅಂಚು ಹಿಡಿದು ಮೆಲ್ಲಗೆ ಎಳೆದ. ಕೆಳಗಿನ ಸಾಲಿನ ಒಂದೊಂದೇ ಮಾತು ಮೇಲಿನ ಸಾಲಿಗೆ ಹತ್ತಿ ಕುಳಿತುಕೊಳ್ಳತೊಡಗಿತು.