ಕೋಟಿನ ಗುಂಡಿ ವಾಪಸು ಕೊಡಲು ಬಾರದ ಕಾಣಿಕೆ ಯಂತ್ರಕ್ಕೆ

ಮಾನ್ಯ ಯಂತ್ರ ಮಹಾಶಯರೇ,

ಝೀಲ್ಯಾಂಡಿನ ಸಮುದ್ರದ ಒಡ್ಡಿನ ಕೆಳಗೆ ತಗ್ಗಿ ಕುಳಿತಿರುವ ನಮ್ಮ ಪುಟ್ಟ ಚರ್ಚಿನ ಸಮಸ್ತ ಬೆಂಚುಗಳ ಪರವಾಗಿ ತಮ್ಮ ಹಸಿರು ದೀಪಕ್ಕೂ ಕೆಂಪು ದೀಪಕ್ಕೂ ಸಮಾನ ಗೌರವದ ವಂದನೆಗಳು.

ತಮ್ಮ ಆಯ್ಕೆ ಸುಲಭವಾಗಿ ನಡೆದದ್ದಲ್ಲ. ಪಾದ್ರಿಗಳನ್ನು ಆರಿಸುವಾಗಲೂ ನಾವು ಇಷ್ಟು ಕಾಫಿ ಕುಡಿದಿರಲಿಲ್ಲ. ಆಯ್ಕೆ ಸಮಿತಿಯ ಅಧ್ಯಕ್ಷ ಲೆನಾರ್ಟ್ ಕೊಡ್ಡೆಯವರು ಚಳಿಗಾಲವಿಡೀ ಸಭೆ ಕರೆದು, ತಲೆಗೊಂದು ಬಿಸ್ಕತ್ತು ಹಂಚಿ ಡಬ್ಬಿಯ ಮುಚ್ಚಳ ಭದ್ರಪಡಿಸಿ, ತಮ್ಮ ಪ್ರತಿಸ್ಪರ್ಧಿ ಯಂತ್ರಗಳನ್ನು ತೂಗಿ ನೋಡಿದರು. ಒಂದು ಯಂತ್ರ ಪ್ರತಿ ಕಾಣಿಕೆಗೂ ಆರ್ಗನ್ ನುಡಿಸುತ್ತಿತ್ತು. ನಮ್ಮ ಆರ್ಗನ್ ವಾದಕಿ ಮುನಿಸಿಕೊಂಡರು. ಇನ್ನೊಂದು, ಕೊಟ್ಟವರ ಮುಖವನ್ನು ಪರದೆಯ ಮೇಲೆ ತೋರಿಸುತ್ತಿತ್ತು. ನಮ್ಮ ಮುಖಗಳನ್ನು ಅಷ್ಟು ದೊಡ್ಡದಾಗಿ ಕಂಡರೆ ಇರುವ ಭಕ್ತಿಯೂ ಹೋದೀತೆಂದು ಅದನ್ನೂ ಬಿಟ್ಟೆವು. ಕೊನೆಗೆ ಹಳೆಯ ಕಾಣಿಕೆ ಚೀಲದ ಉದ್ದ ಕೋಲಿನ ತುದಿಯಲ್ಲಿ ವಿನಯದಿಂದ ಕೂತು, ಬ್ಯಾಂಕ್ ಕಾರ್ಡ್ ತೋರಿಸಿದರೆ ಹಸಿರಾಗಿ, ಇಲ್ಲದಿದ್ದರೆ ಕೆಂಪಾಗಲು ಒಪ್ಪಿದ ತಾವೇ ಗೆದ್ದಿರಿ. ಆಕ್ಷೇಪಿಸಿದ ನನಗೆ ಲೆನಾರ್ಟ್, "ಈಸಾಕ್ ಮೇಷ್ಟ್ರೇ, ಈಗ ಜೇಬಲ್ಲಿ ಚಿಲ್ಲರೆ ಯಾರಿಟ್ಕೋತಾರೆ? ನೀವೊಬ್ರು, ಮ್ಯೂಸಿಯಂನೋರೊಬ್ರು!" ಎಂದು ಎಲ್ಲರನ್ನೂ ನಗಿಸಿದರು.

ತಮ್ಮ ಶ್ರದ್ಧೆಯನ್ನು ಹೊಗಳದಿದ್ದರೆ ಕೃತಘ್ನನಾದೇನು. ನನ್ನ ಬ್ಯಾಂಕಿನ ಲೆಕ್ಕವನ್ನು ಒಳಹೊಕ್ಕು ನೋಡಿ, ದೇವರಿಗೆ ಸಲ್ಲಬೇಕಾದ ಹತ್ತರಲ್ಲೊಂದು ಪಾಲಿನ ದಶಮಾಂಶ ಎಷ್ಟೆಂದು ಹೇಳಿಕೊಡುವ ತಾವು, ಮಂಗಳವಾರ ನನ್ನ ಫೋನಿಗೆ "ಈ ವಾರ ನೀವು ದೇವರಿಗಿಂತ ಹೆರಿಂಗ್ ಮೀನಿಗೆ ಹೆಚ್ಚು ಕೊಟ್ಟಿದ್ದೀರಿ" ಎಂಬ ಸಂದೇಶ ಕಳಿಸಿದಿರಿ. ಹಳೆಯ ಒಡಂಬಡಿಕೆಯ ಪ್ರವಾದಿಗಳೆಲ್ಲ ಸೇರಿದರೂ ನನ್ನ ಮೀನಿನ ವಿಚಾರದಲ್ಲಿ ಇಷ್ಟು ನಿಖರವಾಗಿ ಮಾತಾಡುತ್ತಿರಲಿಲ್ಲ. ಪಾದ್ರಿಗಳು ಉಪದೇಶಿಸುವ ಪ್ರಸಂಗಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರೆಂದೂ ತಾವು ಕೇಳುತ್ತೀರಿ. ನಾನು ಎರಡು ಕೊಟ್ಟೆ. ಅದು ಪಾದ್ರಿಗಳಿಗೆ ಹೆಸರು ಸಮೇತ ತಲುಪುತ್ತದೆಂದು ಆಮೇಲೆ ತಿಳಿಯಿತು. ಈಗ ಅವರು ನನ್ನ ಕೈ ಕುಲುಕುವಾಗ ಸ್ವಲ್ಪ ಹೆಚ್ಚೇ ಹಿಂಡುತ್ತಾರೆ.

ಆದರೆ ನನ್ನ ಅಹವಾಲು ಮೀನಿನದಲ್ಲ, ಮುಷ್ಟಿಯದು.

ನಮ್ಮಲ್ಲಿ ಕಾಣಿಕೆ ಚೀಲದ ಬಾಯಿ ಕಿರಿದು, ಹೊಟ್ಟೆ ಆಳ. ಮುಚ್ಚಿದ ಮುಷ್ಟಿ ಒಳಗೆ ಹೋಗುತ್ತದೆ, ಬಿಚ್ಚಿದ ಕೈ ಹೊರಗೆ ಬರುತ್ತದೆ, ಪಕ್ಕದವರು ಆ ಹೊತ್ತಿಗೆ ಸರಿಯಾಗಿ ಪೆಪ್ಪರ್‌ಮಿಂಟ್ ಹುಡುಕುತ್ತಿರುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತನ್ನು ಪಾಲಿಸಲು ನಮ್ಮ ಹಿರಿಯರು ಕಂಡುಕೊಂಡ ಉಪಾಯ ಇದು.

ನನ್ನ ಬೆಂಚಿನ ಕೊನೆಯಲ್ಲಿ ಕೂರುವ ವಿಧವೆಯನ್ನು ಇಲ್ಲಿ ಯಾಕೊಮಿನಾ ಎಂದು ಕರೆಯೋಣ. ಅವರು ಯಾರೆಂದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದಂತಿರುವುದು ನಮ್ಮೂರಿನ ಹಳೆಯ ವಿದ್ಯೆ. ಗಂಡನ ದೋಣಿ ಮಾರಿದ ಮೇಲೆ ಅವರ ಮುಷ್ಟಿಯಲ್ಲಿ ನಾಣ್ಯವಿರುತ್ತಿರಲಿಲ್ಲ, ಕೋಟಿನ ಒಂದು ಗುಂಡಿ ಇರುತ್ತಿತ್ತು, ಚೀಲದೊಳಗೆ ಸದ್ದಾಗಲೆಂದು. ಚೀಲ ಹಿಡಿಯುವ ಚರ್ಚಿನ ಸೇವಕ, ಡೀಕನ್ ಮರಿನಸ್, ಆರಾಧನೆ ಮುಗಿದೊಡನೆ ಆ ಗುಂಡಿಯನ್ನು ಹೊರಕೋಣೆಯಲ್ಲಿ ತೂಗುಹಾಕಿದ ಯಾಕೊಮಿನಾರ ಕೋಟಿನ ಜೇಬಿಗೆ ಇಳಿಬಿಡುತ್ತಿದ್ದರು. ಮುಂದಿನ ಭಾನುವಾರ ಅದೇ ಗುಂಡಿ ಮತ್ತೆ ಬರುತ್ತಿತ್ತು. ಈ ವಿಷಯವಾಗಿ ಅವರಿಬ್ಬರೂ ಒಂದು ಮಾತೂ ಆಡಿದವರಲ್ಲ.

ತಾವು ಪದಾರ್ಪಣೆ ಮಾಡಿದ ದಿನ ಯಾಕೊಮಿನಾ ಅಭ್ಯಾಸಬಲದಿಂದ ತಮ್ಮ ಮುಂದೆ ಮುಷ್ಟಿ ಚಾಚಿದರು. ತಾವು ಕೆಂಪಾಗಿ, ಗಂಟೆಗೋಪುರದ ಪಾರಿವಾಳಗಳೂ ಎದ್ದು ಹಾರುವಂತೆ, "ಕಾರ್ಡ್ ಕಾಣಿಸುತ್ತಿಲ್ಲ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ" ಎಂದಿರಿ. ಚರ್ಚಿನ ಬಾಯಲ್ಲಿದ್ದ ಅಷ್ಟೂ ಪೆಪ್ಪರ್‌ಮಿಂಟ್‌ಗಳು ಕರಗುವುದನ್ನು ನಿಲ್ಲಿಸಿದವು.

ಆಮೇಲಿನ ಭಾನುವಾರಗಳಲ್ಲಿ ಆ ಜಾಗ ಖಾಲಿ. ವಿಚಾರಿಸಲು ಅವರ ಮನೆಗೆ ಹೋದರೆ, "ಕೆಮ್ಮು ಕಣೋ ಈಸಾಕ್. ನಾನು ಬಂದು ಕೆಮ್ಮಿದ್ರೆ ಪಾದ್ರಿಗಳಿಗೆ ಪ್ರಸಂಗ ಮರ್ತೋಗತ್ತೆ" ಎಂದರು. ಒಂದು ಗಂಟೆ ಕೂತೆ. ಅವರು ಒಮ್ಮೆಯೂ ಕೆಮ್ಮಲಿಲ್ಲ.

ಆದುದರಿಂದ ತಮ್ಮಲ್ಲಿ ಸವಿನಯ ಬೇಡಿಕೆಗಳು: ತಾವು ಕುರುಡಾಗಬೇಕು, ಆದರೆ ಯಾವ ಗುಂಡಿ ಯಾರದೆಂದು ಗುರುತಿಸಬೇಕು, ಕಿವುಡಾಗಬೇಕು, ಆದರೆ ಗುಂಡಿಯ ಸದ್ದನ್ನು ನಾಣ್ಯದ ಸದ್ದೆಂದು ಮನಃಪೂರ್ವಕ ನಂಬಬೇಕು, ಎಡಗೈಯೊಂದನ್ನು ಬೆಳೆಸಿಕೊಂಡು, ಅದಕ್ಕೇನೂ ತಿಳಿಸಬಾರದು. ಹೊಸ ಆವೃತ್ತಿಯಲ್ಲಿ ಇವೆಲ್ಲ ಬರುತ್ತವೆಯೇ ಎಂದು ಕೇಳಿದಾಗ ತಮ್ಮ ಸಹಾಯವಾಣಿ ನನಗೆ ನಾಲ್ಕನ್ನು ಒತ್ತಲು ಹೇಳಿತು. ಒತ್ತಿದೆ. ಹೆರಿಂಗ್ ಕಡಿಮೆ ಮಾಡಲು ಹೇಳಿತು.

ಕಳೆದ ಭಾನುವಾರ ನಡೆದದ್ದು ತಮಗೆ ನೆನಪಿರಬಹುದು. ಮೊದಲ ಬೆಂಚಿನಲ್ಲಿ ಮರಿನಸರ ಹೆಂಡತಿ ಖಾಲಿ ಮುಷ್ಟಿ ಚಾಚಿದರು. ತಾವು ಕೆಂಪಾದಿರಿ. ಪಕ್ಕದವರೂ ಚಾಚಿದರು. ಬೆಂಚಿನಿಂದ ಬೆಂಚಿಗೆ ತಾವು "ಮತ್ತೊಮ್ಮೆ ಪ್ರಯತ್ನಿಸಿ" ಎಂದು ಕೂಗುತ್ತ ಬಂದಿರಿ, ನಾವು ಪ್ರಯತ್ನಿಸುತ್ತ ಹೋದೆವು. "ಏನ್ರೀ ಮರಿನಸ್, ಏನಾಗ್ತಿದೆ ಇಲ್ಲಿ?" ಎಂದು ಲೆನಾರ್ಟ್ ಪಿಸುಗುಟ್ಟಿದರೆ ಮರಿನಸ್, "ಏನಿಲ್ಲ ಬಿಡಿ, ಊರಿಗೆಲ್ಲ ಬಡತನ ಬಂದಿದೆ" ಎಂದರು. ಕೋಲು ಕೊನೆಗೆ ಲೆನಾರ್ಟರ ಮುಂದೆ ನಿಂತಿತು. ಅವರು ಹೊರತೆಗೆದಿದ್ದ ಕಾರ್ಡನ್ನು ಜೇಬಿಗಿಟ್ಟು, ಮುಷ್ಟಿ ಚಾಚಿದರು.

ಆ ಕ್ಷಣದಲ್ಲೂ ಸಹನೆ ಕಳೆದುಕೊಳ್ಳದೆ "ದಯವಿಟ್ಟು" ಎಂದ ತಮ್ಮ ಸೌಜನ್ಯಕ್ಕೆ ತಲೆಬಾಗುವ,

ಕೆಂಪು ದೀಪಕ್ಕೆ ಮಾತ್ರ ಪಾತ್ರನಾದ ತಮ್ಮ ವಿಶ್ವಾಸಿ,
ಈಸಾಕ್ ವೆರ್ಬ್ರುಗೆ
ಹಿಂದಿನಿಂದ ಮೂರನೆಯ ಬೆಂಚು

ತಾ.ಕ.: ಚರ್ಚಿನ ಪತ್ರಿಕೆಯಲ್ಲಿ ಪ್ರಕಟಿಸುವ ಮುನ್ನ ಈ ಪತ್ರವನ್ನು ಯಾಕೊಮಿನಾಗೆ ಓದಿ ಹೇಳಿದೆ. "ಹಾಕು, ಹೆಸರು ಮಾತ್ರ ಇದೇ ಇರ್ಲಿ, ಚೆನ್ನಾಗಿದೆ" ಎಂದರು. ಆಮೇಲೆ ನನ್ನ ಹೆಂಡತಿಯಿಂದ ಸೂಜಿದಾರ ಕೇಳಿ ಪಡೆದು, "ಭಾನುವಾರಕ್ಕೆ ಕೋಟು ರೆಡಿ ಮಾಡ್ಬೇಕು. ಒಂದು ಗುಂಡಿ ಬಿಟ್ಟು ಮಿಕ್ಕಿದ್ದೆಲ್ಲ ಹೊಲೀತೀನಿ" ಎಂದು ಹೊರಟರು. ಮರಿನಸ್ ಹಳೆಯ ಚೀಲವನ್ನು ಕೋಲಿಗೆ ಕಟ್ಟುತ್ತಿದ್ದಾರೆ. ತಾವು ಕಪಾಟಿನ ಒಳಗಿದ್ದೀರಿ, ಬೀಗ ಹೊರಗಿದೆ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.