ಹೆದರಿದ ಮಾಸ್ತರರೂ ಶಿರಾ ಪ್ಲೇಟೂ

ಅಂಕೋಲೆ ಸ್ಟ್ಯಾಂಡಿನಲ್ಲಿ ಬಾಡಿಗೆ ವ್ಯಾನು ಓಡಿಸುವವನಿಗೆ ನಗಲು ಬೇರೆ ಏನೂ ಬೇಡ, ಹೆಣ್ಣು ನೋಡಲು ಹೊರಟವರು ತಿಂಗಳಿಗೊಮ್ಮೆಯಾದರೂ ಸಿಕ್ಕೇ ಸಿಗುತ್ತಾರೆ. ಈ ಕಥೆ ಮೊಬೈಲು ಇನ್ನೂ ಎಲ್ಲರ ಕಿಸೆಗೆ ಬಂದಿರದ ಕಾಲದ್ದು. ಹುಡುಗ ಹುಡುಗಿ ಮೊದಲ ಸಲ ಮುಖ ನೋಡುವುದು ಚಾ ಟ್ರೇ ಎದುರಿಗೇ. ಆಗ ನನ್ನ ವ್ಯಾನು ಹತ್ತಿದವರಲ್ಲಿ ನಮ್ಮ ಹೈಸ್ಕೂಲಿನ ಗಣಿತ ಮಾಸ್ತರರಷ್ಟು ನನ್ನನ್ನು ಕುಣಿಸಿದವರು ಯಾರೂ ಇಲ್ಲ. ಒಳ್ಳೆಯ ಮನುಷ್ಯ, ಕಾಯಂ ನೌಕರಿ, ನೋಡಲೂ ಲಕ್ಷಣ. ಒಂದೇ ತೊಂದರೆ. ಅವರೊಳಗೆ ಏನು ನಡೆಯುತ್ತಿದೆ ಎಂದು ಮುಖ ನೋಡಿ ದೇವರಿಗೂ ತಿಳಿಯುತ್ತಿರಲಿಲ್ಲ. ವಯಸ್ಸು ಮೂವತ್ತು ದಾಟಿತ್ತು. ಇನ್ನೂ ತಡವಾದರೆ ಇವನು ಒಂಟಿಯಾಗಿಯೇ ಉಳಿದಾನು ಎಂದು ಅವರ ಅಕ್ಕ ಗಾಡಿ ಹತ್ತಿದಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು.

ಅವರ್ಸಾದ ಶಿರಾ

ಮೊದಲು ಹೋದದ್ದು ಅವರ್ಸಾಕ್ಕೆ. ಹುಡುಗಿ ರವೆಯ ಸಿಹಿ ಶಿರಾ ತಂದಿಟ್ಟಳು. ಮಾಸ್ತರರು ತಲೆ ತಗ್ಗಿಸಿ ತಿಂದರು. ಮತ್ತೊಂದು ಪ್ಲೇಟು ಬಂತು, ಅದನ್ನೂ ತಿಂದರು. ಮೂರನೆಯದಕ್ಕೆ ಹುಡುಗಿಯ ಅಜ್ಜಿಯ ಮುಖ ಅರಳಿತು. ನಾಲ್ಕನೆಯದಕ್ಕೆ ಹುಡುಗಿಯ ಅಪ್ಪ ಎದ್ದು, ನಮ್ಮ ಹುಡುಗ ನಮ್ಮ ಹುಡುಗ ಎಂದು ಮಾಸ್ತರರ ಹೆಗಲು ತಟ್ಟಿದರು. ಪಕ್ಕದ ಮನೆಯವರನ್ನೂ ಕರೆದು ಬಾಳೆಹಣ್ಣು ಹಂಚಿದರು. ನನಗೂ ಎರಡು ಸಿಕ್ಕವು.

ವಾಪಸು ಬರುವಾಗ ಅಕ್ಕ ಖುಷಿಯಿಂದ, "ಹಂಗಾದ್ರೆ ಒಪ್ಪಿಗೆ ಆಯ್ತಲ್ಲ ತಮಾ?" ಎಂದರು.

"ಹುಡುಗಿನ ನಾ ನೋಡೇ ಇಲ್ಲ ಅಕ್ಕಾ," ಎಂದರು ಮಾಸ್ತರರು. "ಹೆದರಿಕೆ ಆಯ್ತು. ಹೆದರಿಕೆ ಆದ್ರೆ ನನ್ನ ಕೈ ಸುಮ್ನೆ ಕೂಡೂದಿಲ್ಲ, ತಿಂತಾನೇ ಇರ್ತದೆ."

ಬೇಡ ಎಂದು ಹೇಳಿಬರಲು ಮರುದಿನ ಅಕ್ಕನ ಜೊತೆ ಹೋದವನು ನಾನೇ. ತಿಂದ ಬಾಳೆಹಣ್ಣು ಗಂಟಲಲ್ಲೇ ಇತ್ತು.

ಸುಂಕಸಾಳದಲ್ಲಿ ಹೂಂ

ಎರಡನೆಯ ಸಲ ಯಲ್ಲಾಪುರ ರಸ್ತೆಯುದ್ದಕ್ಕೂ ಅಕ್ಕನ ಪಾಠ ನಡೆಯಿತು. "ಒಂದು ಪ್ಲೇಟಿಗೆ ಕೈ ತೊಳಿ. ಹುಡುಗಿ ಎಂತ ಕೇಳಿದ್ರೂ ನಗನಗ್ತಾ ಹೂಂ ಅನ್ನು."

ಸುಂಕಸಾಳದ ಹುಡುಗಿ ಚುರುಕು. ಮಾಸ್ತರರನ್ನು ಅಂಗಳಕ್ಕೆ ಕರೆದು, ನನ್ನ ವ್ಯಾನಿನ ಪಕ್ಕವೇ ನಿಂತು ಕೇಳಿದಳು: "ನಿಮಗೆ ನೌಕರಿ ಮಾಡೂ ಹುಡುಗಿ ಅಡ್ಡಿಲ್ವಾ?"

"ಹೂಂ."

"ಮನೆಲಿ ಬಲವಂತ ಮಾಡಿ ಕರ್ಕಂಡು ಬಂದ್ರಾ?"

"ಹೂಂ."

"ಹಂಗಾದ್ರೆ ಬೇರೆ ಯಾರೋ ಮನಸ್ನಲ್ಲಿ ಇದ್ರು ಕಾಣ್ತದೆ?"

ಮಾಸ್ತರರು ಅಕ್ಕ ಹೇಳಿಕೊಟ್ಟಂತೆ ಚಂದ ನಕ್ಕರು. "ಹೂಂ."

ನಾನು ಒಳಗಿಂದ ಎರಡು ಸಲ ಹಾರ್ನ್ ಹೊಡೆದೆ, ಉಪಯೋಗವಾಗಲಿಲ್ಲ. ಆ ಹುಡುಗಿ ಬಲು ಒಳ್ಳೆಯವಳು. ನಾವು ಹೊರಡುವಾಗ ಗಾಡಿಯ ತನಕ ಬಂದು, "ನಿಮ್ಮಿಬ್ಬರಿಗೂ ಒಳ್ಳೇದಾಗ್ಲಿ, ಮನೆಯವರಿಗೆ ಧೈರ್ಯವಾಗಿ ಹೇಳಿ," ಎಂದು ಹಾರೈಸಿ ಕಳಿಸಿದಳು. ಹೂಂ ಎಂದರು ಮಾಸ್ತರರು.

ಬಂಕಿನಲ್ಲಿ ತಾಲೀಮು

ಮೂರನೆಯ ಕರೆ ಮಲ್ಲಾಪುರದ ನೌಕರರ ಕ್ವಾರ್ಟರ್ಸಿನಿಂದ ಬಂತು. ಈ ಸಲ ನಾನೇ ಪಟ್ಟು ಹಿಡಿದೆ. ಅಕ್ಕನನ್ನು ಹಿಂದಿನ ಸೀಟಿಗೆ ಕಳಿಸಿ, ಮಾಸ್ತರರನ್ನು ಪಕ್ಕಕ್ಕೆ ಕೂರಿಸಿಕೊಂಡೆ. "ನಾನೇ ಹುಡುಗಿ ಅಂತ ತಿಳ್ಕಳಿ ಮಾಸ್ತರೇ. ಮನಸ್ನಲ್ಲಿ ಇದ್ದದ್ದು ಹೇಳಿ."

"ಕ್ಲಾಸಿನಲ್ಲಾದ್ರೆ ಹೇಳ್ತೆ ಅಣ್ಣ. ಬೋರ್ಡ್ ಕಡೆ ಮುಖ ಮಾಡಿ ಹೇಳಬಹುದು."

"ಹಂಗಾದ್ರೆ ಗಾಜಿನ ಕಡೆ ನೋಡಿ ಹೇಳಿ."

ಕಾರವಾರ ಬರುವಷ್ಟರಲ್ಲಿ ಅವರ ನಾಲಿಗೆ ಸಡಿಲವಾಯಿತು. ನಾನು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ್ದೂ ಅವರಿಗೆ ಗೊತ್ತಾಗಲಿಲ್ಲ. ಕೊನೆಗೆ ಧೈರ್ಯ ಮಾಡಿ ನನ್ನತ್ತ ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು: "ನಿಮ್ಮನ್ನ ನೋಡಿದ ಮೇಲೆ ಬೇರೆ ಎಲ್ಲಿಗೂ ಹೋಗೂದು ಬೇಡ ಅನ್ನಿಸ್ತದೆ."

ಕಿಟಕಿಗೆ ಬಗ್ಗಿದ್ದ ಬಂಕಿನವನು ಎಷ್ಟು ಲೀಟರು ಎಂದು ಕೇಳುವುದನ್ನೇ ಮರೆತ.

ಮಲ್ಲಾಪುರದಲ್ಲಿ

ಕ್ವಾರ್ಟರ್ಸಿನ ಹಾಲು ಚಿಕ್ಕದು, ನನಗೂ ಬಾಗಿಲ ಬಳಿ ಕುರ್ಚಿ ಹಾಕಿದ್ದರು. ಹುಡುಗಿ ಬಂದಳು. ಮಾಸ್ತರರ ಮುಂದೆ ಶಿರಾ ಇಟ್ಟು, "ಬಿಸಿ ಅದೆ, ನಿಧಾನ," ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು.

ಒಳಹೋಗುತ್ತಿದ್ದವಳನ್ನು ಮಾಸ್ತರರು ಮುಖವೆತ್ತಿ ನೋಡಿದರು, ಒಬ್ಬ ಹುಡುಗಿಯನ್ನು ಹಾಗೆ ನೋಡಿದ್ದು ನಾನು ಕಂಡಂತೆ ಅದೇ ಮೊದಲು. ಆಮೇಲೆ ಚಮಚ ಹಿಡಿದರು, ಕೆಳಗಿಟ್ಟರು. ಮತ್ತೆ ಹಿಡಿದರು, ಮತ್ತೆ ಇಟ್ಟರು. ಒಂದು ತುತ್ತೂ ಒಳಗಿಳಿಯಲಿಲ್ಲ. ಹೆಣ್ಣಿನ ಮನೆಯ ತಿಂಡಿ ಮುಟ್ಟಲಿಲ್ಲವೆಂದರೆ ನಮ್ಮ ಕಡೆ ಬೇರೆ ಉತ್ತರವೇ ಬೇಕಿಲ್ಲ. ಹುಡುಗಿಯ ಅಮ್ಮ ಮುಖ ಸಣ್ಣದು ಮಾಡಿ ತಟ್ಟೆ ಒಳಗೊಯ್ದರು. ಅಪ್ಪ ಎದ್ದು ನಿಂತು, "ಆಯ್ತು, ನಿಮಗೆ ದೂರ ಹೋಗಬೇಕಲ್ಲ," ಎಂದರು.

ಗಾಡಿಯಲ್ಲಿ ಕೂತವರೇ ಮಾಸ್ತರರು ನನ್ನ ತೋಳು ಹಿಡಿದುಕೊಂಡರು. ಕಣ್ಣು ತುಂಬಿತ್ತು. "ಅಣ್ಣ, ನಂಗೆ ಇದೇ ಮನೆ ಬೇಕು. ನಾ ಎಲ್ಲ ಹಾಳ್ಮಾಡ್ದೆ."

ನನಗೆ ಎಲ್ಲಿಲ್ಲದ ಹುರುಪು ಬಂತು. ಬೇಡ ಬೇಡ ಎನ್ನುತ್ತಿದ್ದ ಅಕ್ಕನ ಮಾತನ್ನೂ ಕೇಳದೆ ಮೆಟ್ಟಿಲು ಹಾರಿ ಬಾಗಿಲು ತಟ್ಟಿದೆ.

"ಸಾಹೇಬರೇ, ಡ್ರೈವರ ಹೇಳೂ ಮಾತಲ್ಲ, ಆದ್ರೂ ಹೇಳ್ತೆ. ಈ ಮಾಸ್ತರರು ಹೆದರಿದ್ರೆ ತಿಂತ್ರು. ಅವರ್ಸಾದಲ್ಲಿ ನಾಕು ಪ್ಲೇಟು ತಿಂದು ಬೇಡ ಅಂದವರು. ನಿಮ್ಮನೆಲಿ ಒಂದು ಚಮಚವೂ ಇಳೀಲಿಲ್ಲ. ಮನಸ್ಸು ಇಲ್ಲೇ ನಿಂತುಬಿಟ್ಟದೆ. ಗಾಡಿಲಿ ಕೂತು ಅಳ್ತಾ ಇದ್ರು."

ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೆದರಿಕೆಗೆ ತಿನ್ನೂದಾ? ಅಂಥವರು ಎಲ್ಲಾದ್ರೂ ಇರ್ತ್ರಾ?"

ಅಡುಗೆಮನೆಯ ಪರದೆ ಸರಿಯಿತು. ಹುಡುಗಿ ನಿಂತಿದ್ದಳು. ಕೈಯಲ್ಲಿ ಮಾಸ್ತರರು ಬಿಟ್ಟುಹೋದ ತಟ್ಟೆ, ಅದರಲ್ಲಿ ಶಿರಾ ಮುಕ್ಕಾಲು ಖಾಲಿ, ಕೆನ್ನೆ ಎರಡೂ ಉಬ್ಬಿದ್ದವು.

"ಇರ್ತ್ರು," ಎಂದಳು.

"ನಿಂಗೆ ಎಂತದರ ಹೆದರಿಕೆಯೇ?" ಎಂದರು ಅಪ್ಪ.

ಅವಳು ಬಾಯಲ್ಲಿದ್ದುದನ್ನು ನುಂಗಿಕೊಂಡಳು. "ಅವರು ಹೋದವರು ವಾಪಸ್ ಬರದಿದ್ರೆ ಅಂತ."

"ಬಂದೆ," ಎಂಬ ದನಿ ನನ್ನ ಬೆನ್ನ ಹಿಂದೆ ಕೇಳಿತು. ಮಾಸ್ತರರು ಯಾವಾಗ ಮೆಟ್ಟಿಲು ಹತ್ತಿದ್ದರೋ ಏನೋ. ಎದುರಿಗೆ ಬೋರ್ಡೂ ಇರಲಿಲ್ಲ, ಗಾಜೂ ಇರಲಿಲ್ಲ. ಅವಳನ್ನೇ ನೋಡುತ್ತಾ ಹೇಳಿದರು.

ಅಮ್ಮ ಒಮ್ಮೆ ಮಗಳನ್ನು, ಒಮ್ಮೆ ಮಾಸ್ತರರನ್ನು ನೋಡಿ ಗಂಡನ ಕಡೆ ತಿರುಗಿದರು. "ಅಡುಗೆಯವರಿಗೆ ಈಗ್ಲೇ ಹೇಳಿಡಿ. ಮದುವೆ ದಿನ ಇವರಿಬ್ಬರಿಗೇ ಒಂದು ಪಾತ್ರೆ ಶಿರಾ ಬೇರೆ ಬೇಕು."